ಮರಕುಟಿಗನ ಎರಡು ನಿಮಿಷ

ಕ್ಯಾಮೆರಾ ನಿಲ್ಲಿಸುವುದನ್ನು ಯಾರೋ ಮರೆತಿದ್ದರು. ಗಾರೊ ತಶ್ಜಿಯನ್‌ನ ತಾಪತ್ರಯ ಶುರುವಾದದ್ದು ಅಲ್ಲಿಂದ.

ಗಾರೊ ಬರ್ಬ್ಯಾಂಕಿನ ಒಂದು ಸ್ಟುಡಿಯೋದಲ್ಲಿ ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಸಂಕಲನಕಾರ. ‘ಮರಕುಟಿಗ’ ಎಂಬ ಅತಿಮಾನವನ ಮೊದಲ ಚಿತ್ರ ಚೆನ್ನಾಗಿ ಓಡಿದ್ದರಿಂದ ಎರಡನೆಯದು ಅವನ ಕತ್ತಲೆ ಕೋಣೆಗೆ ಬಂದು ಬಿದ್ದಿತ್ತು. ಮೊದಲನೆಯದರಲ್ಲಿ ಒಂದು ಕತೆಯಿತ್ತು. ಎರಡನೆಯದರಲ್ಲಿ ಏಳು. ಮರಕುಟಿಗನ ಕಳೆದುಹೋದ ತಂಗಿ, ಖಳನ ಸಾಧು ಅಣ್ಣ, ಚಂದ್ರನ ಮೇಲೊಂದು ದಂಗೆ, ಮಾತಾಡುವ ನಾಯಿ, ಇನ್ನೂ ಏನೇನೋ. ಕೆಟ್ಟು ನಿಂತ ಲಿಫ್ಟಿನೊಳಗಿನ ಏಳು ಸಂಸಾರಗಳಂತೆ ಅವು ಒಂದರ ಕಾಲನ್ನೊಂದು ತುಳಿಯುತ್ತಿದ್ದವು.

ಈ ನೂಕುನುಗ್ಗಲಿನ ನಡುವೆ ಗಾರೊನಿಗೆ ಆ ತುಣುಕು ಸಿಕ್ಕಿತ್ತು. ಅಡುಗೆಮನೆಯ ದೃಶ್ಯ ಮುಗಿದಿದೆ, ನಿರ್ದೇಶಕ ಎದ್ದು ಹೋಗಿದ್ದಾನೆ, ಕ್ಯಾಮೆರಾ ಮಾತ್ರ ಓಡುತ್ತಲೇ ಇದೆ. ನಟ ಮುಖವಾಡ ತೆಗೆದು ಸಿಂಕಿನ ಬಳಿ ನಿಂತು, ಸೆಟ್ಟಿಗಾಗಿ ಇಟ್ಟಿದ್ದ ತಣ್ಣಗಿನ ಸೂಪನ್ನು ಪಾತ್ರೆಯಿಂದಲೇ ಚಮಚದಲ್ಲಿ ಕುಡಿಯುತ್ತಾನೆ. ಕುರ್ಚಿಯಿದೆ, ಕೂರುವುದಿಲ್ಲ. ಆಮೇಲೆ ಚಮಚ ತೊಳೆದು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಲ್ಲುತ್ತಾನೆ. ಇಷ್ಟೆ, ಎರಡು ನಿಮಿಷ.

ಹೆಂಡತಿ ಅನೂಶ್ ತೀರಿಕೊಂಡ ಮೇಲೆ ಗಾರೊ ಉಂಡದ್ದೆಲ್ಲ ಹೀಗೆ ನಿಂತುಕೊಂಡೇ. ಕೂತರೆ ಎದುರಿನ ಕುರ್ಚಿ ಕಾಣುತ್ತದೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ ಎನ್ನುವುದು ಹೆಚ್ಚು ಸರಿ. ಪರದೆಯ ಮೇಲೆ ಈ ಪುಕ್ಕದ ಅಂಗಿಯವನು ತನ್ನ ಪರವಾಗಿ ಅದನ್ನು ಹೇಳುತ್ತಿದ್ದಾನೆ ಅನ್ನಿಸಿತು. ಯಾರಿಗೂ ಹೇಳದೆ ಅದನ್ನು ಚಿತ್ರದ ನಡುವೆ ಸೇರಿಸಿದ. ಅಲ್ಲಿ ಅದು ಉಳಿದರೆ ಸಾಕು, ಯಾವುದೋ ಊರಿನ ಕತ್ತಲಲ್ಲಿ ಒಬ್ಬನಾದರೂ ತಲೆದೂಗಿಯಾನು.

ಒಂದು ಬೆಳಗ್ಗೆ ಸ್ಟುಡಿಯೋದ ಯಜಮಾನಿ ಮ್ಯಾಕ್ಸೀನ್ ಸ್ಟ್ರ್ಯಾಂಡಳ ಅಪ್ಪಣೆ ಬಂತು. ಚಿತ್ರ ವಿಪರೀತ ಉದ್ದವಾಗಿದೆ, ಸಂಜೆ ತಾನು ನೋಡುವುದರೊಳಗೆ ಇಪ್ಪತ್ತು ನಿಮಿಷ ಇಳಿಯಬೇಕು, ಏನೂ ನಡೆಯದ ದೃಶ್ಯಗಳನ್ನು ಮೊದಲು ಕಿತ್ತೆಸೆಯಬೇಕು. ಏನೂ ನಡೆಯದ ದೃಶ್ಯ ಇಡೀ ಚಿತ್ರದಲ್ಲಿ ಒಂದೇ ಇತ್ತು.

ಮೊದಲು ಬಾಗಿಲು ತಟ್ಟಿದವಳು ಡೋರೀನ್ ಫಿಚ್. ನಿರ್ಮಾಪಕಿಯರಲ್ಲಿ ಒಬ್ಬಳು, ಕಳೆದುಹೋದ ತಂಗಿಯ ಕತೆ ಅವಳ ಸುಪರ್ದಿಯಲ್ಲಿತ್ತು. ತಂಗಿಯ ಒಂದು ಕೂದಲೂ ಕತ್ತರಿಸಕೂಡದು ಎಂದು ಹೇಳಲು ಬಂದವಳ ಕಣ್ಣು ಪರದೆಯ ಮೇಲಿನ ಸೂಪಿನ ದೃಶ್ಯಕ್ಕೆ ಬಿತ್ತು.

“ಇದೇನಪ್ಪಾ ಇದು, ಕದ್ದು ತಿನ್ನೋ ಬೆಕ್ಕಿನ ಥರ ನಿಂತಿದಾನೆ? ಮೊದ್ಲು ಇದನ್ನ ತೆಗಿ.”

ಗಾರೊ ಸುಳ್ಳಿನಲ್ಲಿ ಪಳಗಿದವನಲ್ಲ. ಆದರೂ ಬಾಯಿ ತಾನಾಗಿ ತೆರೆಯಿತು. “ಅದು ಅವನ ತಂಗಿ ಮಾಡಿಟ್ಟು ಹೋದ ಸೂಪು.”

ಡೋರೀನ್ ಮೆಲ್ಲಗೆ ಕುರ್ಚಿ ಎಳೆದುಕೊಂಡಳು. “ಕೊನೇ ಸಲ ಮಾಡಿದ್ದಾ?”

“ಕೊನೇ ಸಲ.”

ಅವಳು ಮೂಗು ಒರೆಸಿಕೊಳ್ಳುತ್ತ, ಯಾರಾದರೂ ಇದರ ತಂಟೆಗೆ ಬಂದರೆ ನನಗೆ ಹೇಳು ಎಂದು ಹೊರಟುಹೋದಳು.

ಆಮೇಲೆ ಚಿತ್ರದ ಪಾತ್ರಗಳ ಗೊಂಬೆ ಮಾಡಿಸಿ ಮಾರುವ ಲೈಲ್ ಬ್ಯಾಸ್ಕಮ್ ಬಂದ. ಅವನದು ನಾಯಿಯ ಪಕ್ಷ. ಈ ಸಲ ಗಾರೊ ಸುಳ್ಳು ಹೇಳಬೇಕಾಗಿಯೂ ಬರಲಿಲ್ಲ. ಪಾತ್ರೆಯ ತಳದಲ್ಲಿ ಅವನು ಒಂಚೂರು ಉಳಿಸಿದ್ದಾನೆ ನೋಡು ಎಂದಷ್ಟೇ ಅಂದ. ಲೈಲ್ ಬಗ್ಗಿ ನೋಡಿ, “ನಾಯಿಗೆ” ಎಂದು ಉಸುರಿದ. ಅಂಥ ಪಾತ್ರೆಯನ್ನು ಅಂಗಡಿಗಳಲ್ಲಿ ಇಡಬಹುದೆಂಬ ಯೋಚನೆಯಲ್ಲಿ ಬಾಗಿಲು ಹಾಕುವುದನ್ನೂ ಮರೆತು ಹೋದ.

ಚಂದ್ರನ ದಂಗೆಯನ್ನು ಬರೆದಿದ್ದ ಕ್ವೆಂಟಿನ್ ಮಧ್ಯಾಹ್ನ ಬಂದ. ಸಿಂಕಿನ ಮೇಲಿನ ಕಿಟಕಿಯಾಚೆ ಮರಕುಟಿಗ ಏನು ನೋಡುತ್ತಿದ್ದಾನೆಂದು ಗಾರೊ ಅವನನ್ನೇ ಕೇಳಿದ. ಕ್ವೆಂಟಿನ್‌ಗೆ ತಾನು ಇಂಥದ್ದೊಂದನ್ನು ಬರೆದ ನೆನಪೇ ಇರಲಿಲ್ಲ. ಆದರೆ ಹೊಗಳಿಕೆಯನ್ನು ಹಿಂದಿರುಗಿಸುವ ಜಾತಿಯವನಲ್ಲ. “ಚಂದ್ರನ್ನ. ಬಾಯಿಬಿಟ್ಟು ಹೇಳ್ಬಾರ್ದು ಅಂತ್ಲೇ ನಾನು ಹಂಗೆ ಬಿಟ್ಟಿದ್ದು ಕಣೋ” ಅಂದ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಹೆಸರು ಕೂಡ ಗೊತ್ತಿಲ್ಲದ ಜನ ಬಂದು, ತಮ್ಮ ಕತೆಯ ಜೀವಾಳವೇ ಆ ಸೂಪಿನಲ್ಲಿದೆಯಂತೆ ಎಂದು ಗಾರೊನಿಗೇ ತಿಳಿಸಿ ಹೋದರು. ಮೊಗಸಾಲೆಯಲ್ಲಿ ಡೋರೀನ್ ಮತ್ತು ಕ್ವೆಂಟಿನ್ ಅದು ಯಾರ ದೃಶ್ಯವೆಂದು ಜಗಳಕ್ಕೆ ನಿಂತು ಗಾರೊನನ್ನು ಸಾಕ್ಷಿಗೆ ಕರೆದರು. ಇಬ್ಬರದೂ ಎಂದ. ಅವರು ಸಮಾಧಾನಗೊಂಡದ್ದು ಕಂಡು ಅವನಿಗೇ ಆಶ್ಚರ್ಯವಾಯಿತು. ತಿಂಗಳುಗಟ್ಟಲೆ ಯಾರೂ ತಟ್ಟದ ಬಾಗಿಲು ಇವತ್ತು ಮುಚ್ಚಿರಲೇ ಇಲ್ಲ. ಆದರೂ ಊಟ ಆಯಿತಾ ಎಂದು ಒಬ್ಬರೂ ಕೇಳಲಿಲ್ಲ. ಈ ತುಣುಕನ್ನು ನೀನು ಯಾಕೆ ಇಟ್ಟೆ ಎಂದೂ ಕೇಳಲಿಲ್ಲ.

ಅವನು ಸೇತುವೆಯ ಮೇಲಿನ ಹೊಡೆದಾಟದಿಂದ ಒಂದಿಷ್ಟು, ಚಂದ್ರನ ಧೂಳಿನಿಂದ ಒಂದಿಷ್ಟು ಕತ್ತರಿಸಿ ಇಪ್ಪತ್ತು ನಿಮಿಷ ಇಳಿಸಿದ.

ಸಂಜೆ ಮ್ಯಾಕ್ಸೀನ್ ಸಣ್ಣ ಪ್ರದರ್ಶನ ಕೋಣೆಯ ಮುಂದಿನ ಸಾಲಿನಲ್ಲಿ ಚಪ್ಪಲಿ ಬಿಚ್ಚಿ ಕೂತು, ಬಾದಾಮಿ ಅಗಿಯುತ್ತ ಚಿತ್ರ ನೋಡಿದಳು. ತಂಗಿ ಬಂದಾಗ ಅಗಿದಳು, ಚಂದ್ರ ಸಿಡಿದಾಗ ಅಗಿದಳು. ಸೂಪಿನ ದೃಶ್ಯ ಬಂದಾಗ ಅವಳ ದವಡೆ ನಿಂತಿತು. ಹಿಂದಿನ ಸಾಲಿನಲ್ಲಿದ್ದ ಗಾರೊನಿಗೆ ಆ ಮೌನ ಕೇಳಿಸಿತು.

ದೀಪ ಹತ್ತಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು, ಆ ಸೂಪು ಯಾರದು ಎಂದು. ನಮ್ಮದು ಎಂದು ಕೋಣೆಯೆಲ್ಲ ಒಟ್ಟಿಗೆ ಎದ್ದಿತು. ಅದನ್ನು ಮುಟ್ಟಿದರೆ ಚಿತ್ರವೇ ಕುಸಿಯುತ್ತದೆ ಎಂದು ಡೋರೀನ್ ವಾದಿಸಿದಳು, ಲೈಲ್ ಪಾತ್ರೆಯ ಗಾತ್ರ ತೋರಿಸಿದ, ಕ್ವೆಂಟಿನ್ ಕಣ್ಣು ಮುಚ್ಚಿ ತಲೆಯಾಡಿಸಿದ. ಬಹಳ ದಿನಗಳ ಮೇಲೆ ಗಾರೊನಿಗೆ ತಾನು ಜನರ ನಡುವೆ ಇದ್ದೇನೆ ಅನ್ನಿಸಿತು.

“ಒಪ್ದೆ,” ಅಂದಳು ಮ್ಯಾಕ್ಸೀನ್. “ಇಷ್ಟು ಚೆನ್ನಾಗಿರೋದು ನಮ್ಮ ಸ್ಟುಡಿಯೋದಲ್ಲಿ ಯಾವತ್ತೂ ಬಂದಿಲ್ಲ. ಇಂಥದ್ದನ್ನ ಈ ಸಂತೇಲಿ ಹಾಕಿ ಹಾಳು ಮಾಡ್ತಾರೇನ್ರಪ್ಪಾ? ತೆಗೀರಿ. ಮೂರನೇ ಭಾಗಕ್ಕೆ ಎತ್ತಿಡಿ.”

ಕೋಣೆ ಒಂದು ಗಳಿಗೆ ಯೋಚಿಸಿತು. ಮೂರನೇ ಭಾಗವೆಂದರೆ ಪ್ರತಿ ಕತೆಗೂ ಇನ್ನೊಂದು ಜನ್ಮ. ಎಲ್ಲರೂ ಒಪ್ಪಿದರು.

ಗಾರೊ ಎದ್ದುನಿಂತ. “ಅದರಲ್ಲಿ ಹೀಗೇ ಇರತ್ತಾ ಮೇಡಂ? ಅವನೊಬ್ಬನೇ?”

ಮ್ಯಾಕ್ಸೀನ್ ಅವನನ್ನು ಅಕ್ಕರೆಯಿಂದಲೇ ನೋಡಿದಳು. “ಒಬ್ಬನೇ ಯಾಕಪ್ಪಾ, ಪಾಪ. ಇಷ್ಟು ಜನ ಇದಾರಲ್ಲ. ಆ ಅಡುಗೆಮನೇಲಿ ಒಂದು ದೊಡ್ಡ ಮೇಜು ಹಾಕ್ಸಿ ಎಲ್ಲರನ್ನೂ ಕೂರಿಸೋಣ.”

ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕು, ನಾಯಿಗೆ ಕುರ್ಚಿ ಬೇಕೋ ಬೇಡವೋ ಎಂದು ಚರ್ಚಿಸುತ್ತ ಅವರೆಲ್ಲ ಹೊರಟರು. ಗಾರೊ ತನ್ನ ಕೋಣೆಗೆ ಹಿಂದಿರುಗಿ ಎರಡು ನಿಮಿಷ ತೆಗೆದ, ಎರಡೂ ತುದಿಗಳನ್ನು ಜೋಡಿಸಿದ. ಮತ್ತೆ ಓಡಿಸಿ ನೋಡಿದ. ತಂಗಿಯ ಅಳುವಿನಿಂದ ನಾಯಿಯ ಮಾತಿಗೆ ಚಿತ್ರ ಎಲ್ಲೂ ಎಡವದೆ ಹಾದುಹೋಯಿತು. ಇಡೀ ಚಿತ್ರದಲ್ಲಿ ಅಷ್ಟು ನುಣುಪಾದ ಜೋಡಣೆ ಇನ್ನೊಂದಿರಲಿಲ್ಲ. ನಡುವೆ ಒಬ್ಬ ಮನುಷ್ಯ ನಿಂತಿದ್ದನೆಂದು ಯಾರು ಹೇಳಿದರೂ ಯಾರೂ ನಂಬುವಂತಿರಲಿಲ್ಲ.