ತಮ್ಮ ಶೇರು ಏರಿದ್ದರ ಬಗ್ಗೆ ಒಂದು ದೂರು

ಗಜವೇಗ ಮೋಟಾರ್ಸ್ ಕಂಪನಿಯ ಘನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ವಿಕ್ರೋಳಿಯಲ್ಲಿ ತಮ್ಮ ಭವ್ಯ ಕಚೇರಿಯ ಗೇಟಿಗೆ ಎದುರಾಗಿ, ರಸ್ತೆಯ ಈಚೆ ಬದಿಯಲ್ಲಿ ಇಡ್ಲಿ-ವಡೆಯ ಹೋಟೆಲು ಇಟ್ಟುಕೊಂಡಿರುವ ರಮಾನಾಥ ಶೆಟ್ಟಿ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ವಾರ್ಷಿಕ ವರದಿಯ ಮೊದಲ ಪುಟದ ತಮ್ಮ ಬಣ್ಣದ ಫೋಟೋದಿಂದ ತಿಳಿದು ಸಂತೋಷಪಟ್ಟೆ. ನಾನು ತಮ್ಮ ಕಂಪನಿಯ ಮಾಲೀಕರಲ್ಲೊಬ್ಬ. ನನ್ನ ಹೆಂಡತಿ ರಾಜೀವಿ ಇದನ್ನು ನಂಬುವುದಿಲ್ಲವಾದರೂ, ಶೇರು ಹೊಂದಿದವರೆಲ್ಲ ಮಾಲೀಕರೇ ಎಂದು ತಾವೇ ಅದೇ ವರದಿಯಲ್ಲಿ ಬರೆದಿದ್ದೀರಿ.

ಇಷ್ಟು ದೊಡ್ಡ ಪದವಿಗೆ ನಾನು ಏರಿದ ಬಗೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಜನ ಮುಗಿಬಿದ್ದ ಕಡೆ ಅಡಿಗೆ ಚೆನ್ನಾಗಿರುತ್ತದೆ ಎಂಬುದೊಂದೇ ಹೋಟೆಲಿನವರಿಗೆ ಗೊತ್ತಿರುವ ಅರ್ಥಶಾಸ್ತ್ರ. ಮೂರು ವರ್ಷಗಳ ಹಿಂದೆ ತಮ್ಮ ಕಂಪನಿಯ ಎಂಜಿನಿಯರುಗಳು ಬೆಳಗ್ಗೆ ಹನ್ನೊಂದಕ್ಕೇ ಗುಂಪುಗುಂಪಾಗಿ ರಸ್ತೆ ದಾಟಿ ಬಂದು, ಗೋಳಿಬಜೆ ತಿಂದು, ಚಹಾದ ಮೇಲೆ ಚಹಾ ಕುಡಿದು, ಮಧ್ಯಾಹ್ನದ ಊಟದವರೆಗೂ ಏಳದೆ ಕುಳಿತಿರತೊಡಗಿದರು. ಇಷ್ಟು ಜನರಿಗೆ ಇಷ್ಟು ಬಿಡುವು ಕೊಟ್ಟೂ ಸಂಬಳ ಕೊಡುವ ಕಂಪನಿ ಎಷ್ಟು ಗಟ್ಟಿಕುಳವಾಗಿರಬೇಕು ಎಂದು ನಾನು ಗಲ್ಲಾದ ಮೇಲೆ ಕುಳಿತಲ್ಲಿಂದಲೇ ತೀರ್ಮಾನಿಸಿದೆ. ಹೋಟೆಲಿನ ಮೇಲೆ ಎ.ಸಿ. ಹಾಲ್ ಮಾಡಿಸಲೆಂದು ರಾಜೀವಿ ಕೂಡಿಸಿಟ್ಟಿದ್ದ ಹಣವನ್ನೆಲ್ಲ ತಮ್ಮ ಶೇರಿಗೆ ಸುರಿದೆ.

ಆಮೇಲೆ ಅದು ಇಳಿಯತೊಡಗಿತು. ತಮ್ಮ ಕಾರು ಪವಾಯಿಯ ಏರಿನಲ್ಲಿ ನಿಂತುಬಿಡುತ್ತದೆಂದು ಕೊಂಡವರು ಗೊಣಗುತ್ತಾರಾದರೂ ಇಳಿಜಾರಿನಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ಅವರೇ ಒಪ್ಪುತ್ತಾರೆ. ಶೇರು ಕೂಡ ಅದೇ ಕಾರ್ಖಾನೆಯದು ಎಂಬುದನ್ನು ನಾನೇ ಮರೆತಿದ್ದೆ, ತಪ್ಪು ನನ್ನದು. ಟಿ.ವಿ.ಯಲ್ಲಿ ಕೋಟು ತೊಟ್ಟ ಒಬ್ಬರು ಇನ್ನಷ್ಟು ಕೊಳ್ಳಿ ಎಂದರೆ, ಪಕ್ಕದಲ್ಲಿದ್ದವರು ಇವತ್ತೇ ಮಾರಿ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರನೆಯವರು ಗಂಭೀರವಾಗಿ ‘ಹೋಲ್ಡ್’ ಎಂದರು. ಹುಡುಗಾಟದ ವಯಸ್ಸಿನಿಂದ ಲೋಕಲ್ ಗಾಡಿಯ ಬಾಗಿಲಲ್ಲಿ ಸರಳು ಹಿಡಿದು ನೇತಾಡಿದವನಿಗೆ ಹಿಡಿದುಕೊಂಡಿರುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ‘ಮಾರಿ ಬಿಡಿ ಮಾರಾಯ್ರೇ, ಉಳಿದದ್ದರಲ್ಲಿ ಎರಡು ಫ್ಯಾನಾದ್ರೂ ಬರ್ತದೆ’ ಎಂದು ರಾಜೀವಿ ದಿನಕ್ಕೊಮ್ಮೆ ಹೇಳಿದರೂ ನಾನು ಮಾಲೀಕನ ಮರ್ಯಾದೆ ಬಿಡಲಿಲ್ಲ.

ಕೊನೆಗೆ ತಮ್ಮ ಡಿಸೈನ್ ವಿಭಾಗದ ಶರೀಫ ಸಾಹೇಬರನ್ನೇ ಕೇಳಿದೆ. ವಿಜಯಪುರದ ಕಡೆಯವರು, ನಮ್ಮಲ್ಲಿ ಮೊದಲ ಚಹಾ ಕುಡಿದಾಗ ಅವರ ತಲೆಯೆಲ್ಲ ಕಪ್ಪಾಗಿತ್ತು. ‘ಕೆಲಸ ಇದ್ದಿದ್ರ ನಾವು ಹನ್ನೊಂದಕ್ಕ ಇಲ್ಲಿ ಯಾಕ ಕುಂದರ್ತಿದ್ವಿ, ಶೆಟ್ರ? ಹೊಸಾ ಗಾಡಿ ಕೆಲಸ ನಿಂತು ಮೂರು ವರ್ಷ ಆತ್ರಿ’ ಎಂದು ಅವರು ನಕ್ಕರು. ಮಾನ್ಯರೇ, ನಾನು ಕಂಪನಿಯ ಏಳಿಗೆಯೆಂದು ತಿಳಿದು ದುಡ್ಡು ಹಾಕಿದ್ದು ಅದರ ನಿರುದ್ಯೋಗಕ್ಕೆ. ಆದರೂ ನನಗೆ ಸಿಟ್ಟು ಬರಲಿಲ್ಲ. ತಮ್ಮ ಕಂಪನಿ ಕುಂಟಿದಷ್ಟೂ ನನ್ನ ಹೋಟೆಲು ಓಡುತ್ತಿತ್ತು, ಶೇರಿನಲ್ಲಿ ಹೋದದ್ದು ಚಹಾದಲ್ಲಿ ಅಷ್ಟಿಷ್ಟು ಬರುತ್ತಿತ್ತು, ಹರಟೆ ಮಾತ್ರ ಪೂರ್ತಿ ಲಾಭವಾಗಿತ್ತು. ಇಷ್ಟು ಸುಖವಾಗಿ ಮುಳುಗುವ ಅವಕಾಶವನ್ನು ಬೇರೆ ಯಾವ ಕಂಪನಿ ತನ್ನ ಮಾಲೀಕನಿಗೆ ಕೊಟ್ಟೀತು?

ಇಂಥ ಹೊತ್ತಿನಲ್ಲಿ, ಕಳೆದ ಸೋಮವಾರ, ತಾವು ಶೇರನ್ನು ಏರಿಸಿಬಿಟ್ಟಿರಿ. ಹೊಸ ಕಾರು ತಂದು ಏರಿಸಿದ್ದರೆ ಹಾರ ಹಿಡಿದು ಬರುತ್ತಿದ್ದೆ. ತಾವು ವಿಕ್ರೋಳಿಯ ಕಚೇರಿಯನ್ನೇ ಮುಚ್ಚುವುದಾಗಿ, ಡಿಸೈನ್ ವಿಭಾಗ ಇನ್ನು ಬೇಡವೆಂಬುದಾಗಿ ಪ್ರಕಟಿಸಿದಿರಿ, ಪೇಟೆ ಚಪ್ಪಾಳೆ ತಟ್ಟಿತು. ನಾನು ಹಾಕಿದ ಹಣ ಒಂದೇ ದಿನದಲ್ಲಿ ಬಡ್ಡಿಯ ಸಮೇತ ನನ್ನ ಮುಂದೆ ಬಂದು ನಿಂತಿತು. ಅದೇ ದಿನ ಸಂಜೆ ಶರೀಫ ಸಾಹೇಬರು ಬಂದು, ‘ಶೆಟ್ರ, ನಿಮ್ಮ ಶೇರ್ ಏರೈತಂತಲ್ರೀ! ಇವತ್ತ ಚಾ ನಿಮ್ಮ ಕಡೀಂದ’ ಎಂದು ಕೈಕುಲುಕಿದರು. ಕೆಲಸ ಹೋದ ಮನುಷ್ಯ ನನಗೆ ಅಭಿನಂದನೆ ಹೇಳುತ್ತಿದ್ದರು. ನನಗೆ ವಿಪರೀತ ನಾಚಿಕೆಯಾಯಿತು; ಸಾಂಬಾರು ನೋಡುವ ನೆಪ ಮಾಡಿ ಒಳಗೆ ಹೋಗಿ ನಿಂತೆ. ಮೂರು ವರ್ಷ ಎ.ಸಿ. ಹಾಲ್ ಜಪಿಸಿದ ರಾಜೀವಿ, ಒಳಗೆ ಬಂದು ಮೆಲ್ಲಗೆ ಕೇಳಿದಳು: ‘ಈಗ ಎ.ಸಿ. ಹಾಕಿ ಯಾರನ್ನು ಕೂರಿಸುದು?’

ಆದ್ದರಿಂದ ಶೇರುದಾರನೊಬ್ಬ ಯಾವ ಅಧ್ಯಕ್ಷರಿಗೂ ಇದುವರೆಗೆ ಸಲ್ಲಿಸಿರದ ಬಿನ್ನಹವನ್ನು ಸಲ್ಲಿಸುತ್ತಿದ್ದೇನೆ. ದಯವಿಟ್ಟು ಶೇರನ್ನು ಬೀಳಿಸಿ. ಶರೀಫ ಸಾಹೇಬರನ್ನೂ ಅವರ ಜೊತೆಯವರನ್ನೂ ವಾಪಸು ಕರೆದು ಒಂದು ಕಾರು ಮಾಡಲು ಹೇಳಿ. ಪೇಟೆಯ ಬುದ್ಧಿ ಈಗ ನನಗೆ ಗೊತ್ತಾಗಿರುವುದರಿಂದ, ಅವರನ್ನು ಕರೆದ ಮರುಗಳಿಗೆಯೇ ಶೇರು ಬೀಳುವುದರಲ್ಲಿ ಸಂದೇಹವಿಲ್ಲ. ಇಂದು ಬೆಳಗ್ಗೆ ನನ್ನ ಶೇರುಗಳನ್ನೆಲ್ಲ ಮಾರಿದ್ದೇನೆ. ಅದು ಬಿದ್ದ ದಿನ ಅದೇ ಹಣದಲ್ಲಿ ಮತ್ತೆ ಕೊಳ್ಳುತ್ತೇನೆ, ರಾಜೀವಿಯ ಒಪ್ಪಿಗೆಯೂ ಇದೆ. ಇದು ಸಾಧ್ಯವಿಲ್ಲವಾದರೆ ತಾವೂ ತಮ್ಮ ನಿರ್ದೇಶಕ ಮಂಡಳಿಯವರೂ ದಿನವೂ ಹನ್ನೊಂದಕ್ಕೆ ರಸ್ತೆ ದಾಟಿ ಬಂದು ಆ ಎಂಜಿನಿಯರುಗಳ ಮೇಜುಗಳಲ್ಲಿ ಕುಳಿತು ಊಟದವರೆಗೆ ಹರಟೆ ಹೊಡೆಯಬೇಕಾಗಿ ಪ್ರಾರ್ಥನೆ.

ಇಂತು,
ಇಂದು ಬೆಳಗಿನವರೆಗೆ ತಮ್ಮ ಮಾಲೀಕನೂ ಈಗ ಬರಿಯ ತಮ್ಮ ವಿಶ್ವಾಸಿಯೂ ಆದ,
ರಮಾನಾಥ ಶೆಟ್ಟಿ

ತಾ.ಕ.: ಕಚೇರಿ ಮುಚ್ಚುವ ತೀರ್ಮಾನ ಮಾಡಿದ ತಮ್ಮ ಸಭೆಗೆ ಫಿಲ್ಟರ್ ಕಾಫಿ ಹೋದದ್ದು ನಮ್ಮ ಹೋಟೆಲಿನಿಂದಲೇ ಎಂದು ಆಮೇಲೆ ತಿಳಿಯಿತು. ಬಹಳ ಚೆನ್ನಾಗಿತ್ತೆಂದು ತಾವು ಹೇಳಿ ಕಳಿಸಿದಿರಂತೆ, ಕೃತಜ್ಞ. ಯಾವ ಸಭೆಯೆಂದು ಮೊದಲೇ ಗೊತ್ತಿದ್ದರೆ ಸಕ್ಕರೆ ಹಾಕುತ್ತಿರಲಿಲ್ಲ.