ಕುತ್ತಿಗೆಯೊಳಗಿನ ಪೆಟ್ಟಿಗೆ

ನಮ್ಮ ಕುತ್ತಿಗೆಯ ಮುಂಭಾಗದಲ್ಲಿ ಒಂದು ಸಣ್ಣ ಧ್ವನಿಪೆಟ್ಟಿಗೆ ಇದೆ. ಉಸಿರಿಗೆ ದಾರಿ ಬಿಡುವುದು, ಅನ್ನ ನೀರು ಆ ದಾರಿಗೆ ಇಳಿಯದಂತೆ ಕಾಯುವುದು, ದನಿ ಹೊರಡಿಸುವುದು, ಇಷ್ಟೇ ಅದರ ಕೆಲಸ. ಅದು ಎಷ್ಟು ಗದ್ದಲ ಎಬ್ಬಿಸಬಲ್ಲದು ಎಂದು ಮಾತ್ರ ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಬೆಳಗಾವಿಯಲ್ಲಿ ಕಿವಿ, ಮೂಗು, ಗಂಟಲಿನ ದವಾಖಾನೆ ಇಟ್ಟುಕೊಂಡಿದ್ದೇನೆ. ಹೆಂಗಸು ಡಾಕ್ಟರಾಗಲಿ, ಸಾಲಿ ಟೀಚರಾಗಲಿ, ಇಲ್ಲಿನವರಿಗೆ ಬಾಯಾರ. ವಾರಕ್ಕೊಂದು ದಿನ ಖಾನಾಪುರಕ್ಕೂ ಹೋಗಿ ಕೂರುತ್ತೇನೆ. ನಗದೆ ಮನೆಗೆ ಬಂದ ವಾರ ನೆನಪಿಲ್ಲ.

ಸೋಮವಾರ ಬಂದ ಗಂಟು

ಪೀರನವಾಡಿಯಿಂದ ಗಂಡ ಹೆಂಡತಿ ಬಂದರು. ಗಂಡನಿಗೆ ನಲವತ್ತೈದರ ಆಸುಪಾಸು, ಮುಖದಲ್ಲಿ ಜೀವವೇ ಇಲ್ಲ. ಮಾತೆಲ್ಲ ಹೆಂಡತಿಯದೇ.

"ಇವರ ಗಂಟಲಿಗೆ ಗಂಟ ಬಂದೈತ್ರಿ ಬಾಯಾರ. ನುಂಗಿದ್ರ ಮ್ಯಾಲ ಹೋಗತೈತಿ, ಮತ್ತ ಕೆಳಗ ಇಳಿತೈತಿ."

"ನೋವ ಐತೇನ್ರಿ?"

"ಇಲ್ರಿ."

"ಯಾವಾಗ ಕಂಡ್ರಿ?"

"ಸೋಮವಾರ ಮುಂಜಾನೆ," ಎಂದ ಗಂಡ, ಸಣ್ಣ ದನಿಯಲ್ಲಿ. "ತಂಗಿ ಮಗಳ ಮದುವಿ ಅಂತ ದಾಡಿ ತಗಸಿದ್ನಿರಿ. ಇಪ್ಪತ್ತು ವರ್ಷದ ದಾಡಿ. ಕನ್ನಡಿ ನೋಡಿದ್ರ ಗಂಟು!"

ಕೈಯಿಟ್ಟು ನೋಡಿದೆ, ಕ್ಯಾಮೆರಾ ಇರುವ ನಳಿಗೆ ಹಾಕಿಯೂ ನೋಡಿದೆ. ಎಲ್ಲ ಸರಿಯಾಗಿತ್ತು. ನಮ್ಮ ಕಂಪೌಂಡರನನ್ನು ಕರೆದು ಗದ್ದ ಎತ್ತಲು ಹೇಳಿದೆ. "ಇವನ ಗಂಟಲ ಮುಟ್ಟಿ ನೋಡ್ರಿ," ಎಂದೆ ಗಂಡನಿಗೆ. ಕಂಪೌಂಡರ್ ಉಗುಳು ನುಂಗಿದ. ಅವನದೂ ಮೇಲೆ ಹೋಗಿ ಕೆಳಗೆ ಇಳಿಯಿತು.

ಪೀರನವಾಡಿಯವನು ಹೌಹಾರಿದ. "ಅಯ್ಯ, ಪಾಪ, ಇವಗೂ ಬಂದೈತಲ್ರಿ!"

ಅದು ಧ್ವನಿಪೆಟ್ಟಿಗೆಯ ಮುಂದಿನ ಮೆತ್ತನೆ ಎಲುಬು, ಪ್ರಾಯಕ್ಕೆ ಬಂದ ಗಂಡಸರಿಗೆಲ್ಲ ಎದ್ದು ಕಾಣುತ್ತದೆ, ಇಷ್ಟು ವರ್ಷ ದಾಡಿಯ ಹಿಂದೆ ಅಡಗಿತ್ತು ಅಷ್ಟೇ ಎಂದು ತಿಳಿಸಿ ಹೇಳಿದೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಗಂಡ ಮಾತ್ರ ಚಿಂತೆಯಲ್ಲೇ ಇದ್ದ.

"ಇನ್ನೇನ್ರಿ?" ಎಂದೆ.

"ಇನ್ನ ನಂದೇನ ಉಳೀತು ಅಂತ ನಿನ್ನೆ ನನ್ನ ಗಾಡಿ ಇಕಿ ತಮ್ಮಗ ಕೊಟ್ಟಬಿಟ್ಟೀನ್ರಿ. ನಾ ಸಾಯಂಗಿಲ್ಲ ಅಂತ ಒಂದ ಚೀಟಿ ಬರದ ಕೊಡ್ರಿ."

ಅಜ್ಜಿಯ ಮರ್ಯಾದೆ

ಧ್ವನಿತಂತುಗಳು ಸರಿಯಾಗಿ ಕೂಡುತ್ತವೋ ಇಲ್ಲವೋ ನೋಡಲು ಮೂಗಿನಿಂದ ಸಣ್ಣ ನಳಿಗೆ ಇಳಿಸಿ, ಪೇಶಂಟಿಗೆ "ಈ" ಅನ್ನಲು ಹೇಳುತ್ತೇವೆ. ಖಾನಾಪುರದಲ್ಲಿ ಒಬ್ಬ ಮರಾಠಿ ಅಜ್ಜಿ ತಿಂಗಳಿಂದ ದನಿ ಒಡೆದಿದೆ ಎಂದು ಬಂದಿದ್ದಳು. ಒಳಗೆ ಏನಾದರೂ ಬೆಳೆದಿದೆಯೋ ಎಂದು ನನಗೂ ಅಳುಕು. ನಳಿಗೆ ಇಳಿಸಿ, "ಅಜ್ಜಿ, ಈ ಅನ್ರಿ" ಎಂದೆ. ಅಜ್ಜಿ ತುಟಿ ಬಿಗಿಹಿಡಿದು ಬೇಡ ಎನ್ನುವಂತೆ ಕೈ ಆಡಿಸಿದಳು. ಮರಾಠಿಯಲ್ಲಿ ಹೇಳಿದೆ. ಆಗಲೂ ಇಲ್ಲ.

"ಯಾಕ ಅಜ್ಜಿ?"

"ನನ್ನ ಸಲುವಾಗಿ ಇಷ್ಟ ತ್ರಾಸ ತಗೊಂಡ ನೋಡಾಕತ್ತೀರಿ. ನಿಮಗ ಹೆಂಗ ಹಂಗ ಅನ್ಲಿ?"

ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿದ್ದ ನರ್ಸ್ ನಗು ತಡೆದುಕೊಂಡು ಹೇಳಿದಳು: ಮರಾಠಿ ಹೆಂಗಸರು ಹೇಸಿಗೆ ಕಂಡಾಗ "ಈಽಽ" ಅನ್ನುತ್ತಾರಂತೆ. ಡಾಕ್ಟರ್ ಮುಖಕ್ಕೆ ಹಾಗೆ ಅನ್ನಲು ಅಜ್ಜಿಗೆ ಸಂಕೋಚ.

ನಾಲ್ಕು ಸಲ ಬೇಡಿಕೊಂಡ ಮೇಲೆ ಕಣ್ಣು ಮುಚ್ಚಿ ಒಮ್ಮೆ "ಈಽಽಽ" ಎಂದಳು. ತಂತುಗಳು ಬೆಳ್ಳಗೆ, ಚೊಕ್ಕವಾಗಿ ಬಂದು ಕೂಡಿದವು. ಸ್ವಲ್ಪ ಬಾವು, ಬೇರೇನೂ ಇಲ್ಲ. ನನ್ನ ಎದೆ ಹಗುರಾಯಿತು. ಅಜ್ಜಿ ಬಾಗಿಲ ತನಕ ಹೋದವಳು ತಿರುಗಿ ಬಂದು ನನ್ನ ಕೈ ಹಿಡಿದಳು.

"ಬಾಯಾರ, ನಾ ಮನಸಿನಿಂದ ಅಂದಿಲ್ಲ."

ಪಿಸುಮಾತು

ದನಿ ಪೂರ್ತಿ ಕೂತುಹೋಗಿದ್ದ ಸಾಲಿ ಬಾಯಾರೊಬ್ಬರು ಬೆಳಗಾವಿಯ ದವಾಖಾನೆಗೆ ಬಂದರು. ಹೊರಗೆ ಕಂಪೌಂಡರನಿಗೆ ಪಿಸುಮಾತಿನಲ್ಲಿ ಹೆಸರು ಹೇಳಿದರು. ಅವನೂ ಪಿಸುಮಾತಿನಲ್ಲೇ ವಯಸ್ಸು ಕೇಳಿದ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಪಿಸುಮಾತಿನಲ್ಲಿ ಊರು ಕೇಳಿದಳು. ಒಳಗೆ ಬಂದಾಗ ನಾನು, ಇಷ್ಟು ವರ್ಷ ಓದಿದವಳು, ಅವರ ಕಿವಿಯ ಹತ್ತಿರ ಬಗ್ಗಿ, "ಪಿಸುಮಾತು ಆಡಬ್ಯಾಡ್ರಿ, ಅದರಿಂದನೂ ಗಂಟಲಿಗೆ ತ್ರಾಸ," ಎಂದು ಪಿಸುಗುಟ್ಟಿದೆ.

ಹತ್ತು ದಿನ ಮೌನ, ಬಿಸಿ ಹಬೆ, ಆಮೇಲೆ ದನಿ ಬರುತ್ತದೆ ಎಂದು ಧೈರ್ಯ ಹೇಳಿ ಕಳಿಸಿದೆ. ದನಿ ಬಂದೂ ಬಂತು. ಆದರೆ ಅವತ್ತು ಅವರು ಹೋದ ಮೇಲೂ ಹೊರಗಿನವರ ಪಿಸುಮಾತು ನಿಲ್ಲಲಿಲ್ಲ.

ಸರದಿಯಲ್ಲಿ ಮುಂದಿದ್ದವರು ಕಿವಿ ಸ್ವಲ್ಪ ಮಂದ ಎಂದು ಬಂದಿದ್ದ ಅಜ್ಜ. ಬಾಗಿಲು ದೂಡಿಕೊಂಡೇ ಬಂದರು, ಮೈಯೆಲ್ಲ ಬೆವರು.

"ಏನ್ ದವಾಖಾನಿ ನಿಂದು! ಮನಿಂದ ಬರೂ ಮುಂದ ಅರ್ಧ ಕೇಳತಿತ್ತು. ಇಲ್ಲಿ ಕುಂತ ಹತ್ತ ನಿಮಿಷದಾಗ ಪೂರಾ ಹೋತು!"

ಬೈದ ಯಂತ್ರ

ಆಟೋ ನಗರದಲ್ಲಿ ಗ್ಯಾರೇಜ್ ನಡೆಸುವ ಒಬ್ಬ ಮಿಸ್ತ್ರಿ ಇದ್ದಾರೆ. ಅವರ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಜೀವ ಉಳಿಯಬೇಕಾದರೆ ಪೆಟ್ಟಿಗೆಯನ್ನೇ ತೆಗೆಯಬೇಕಿತ್ತು, ತೆಗೆದರು. ಈಗ ಅವರು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಗಾಯ ಮಾಯಿತು, ಊಟ ಬಾಯಿಂದಲೇ ಶುರುವಾಯಿತು, ತಪಾಸಣೆಯಲ್ಲಿ ರೋಗ ಎಲ್ಲೂ ಉಳಿದಿಲ್ಲ ಎಂದು ಬಂತು. ಆದರೆ ಮಾತಿಲ್ಲ. ಗ್ಯಾರೇಜಿನವರಿಗೆ ಚೀಟಿ ಬರೆದು ತೋರಿಸುತ್ತಿದ್ದರು. ಹೆಂಡತಿಗೆ ಓದಲು ಬರುವುದಿಲ್ಲ. ನಾಲ್ಕು ತಿಂಗಳು ಅವರಿಬ್ಬರ ಸಂಸಾರ ಕೈಸನ್ನೆಯಲ್ಲೇ ನಡೆದಿತ್ತು.

ಆಮೇಲೆ ಒಂದು ಯಂತ್ರ ತರಿಸಿದೆವು. ನೋಡಲು ಟಾರ್ಚ್ ಇದ್ದ ಹಾಗಿರುತ್ತದೆ. ಕುತ್ತಿಗೆಗೆ ಒತ್ತಿ ಹಿಡಿದರೆ ಸದ್ದು ಅದು ಕೊಡುತ್ತದೆ, ಆ ಸದ್ದನ್ನು ಮಾತು ಮಾಡುವುದು ನಾಲಿಗೆ ಮತ್ತು ತುಟಿ. ಮಿಸ್ತ್ರಿ ಹದಿನೈದು ದಿನ ಮಧ್ಯಾಹ್ನ ನನ್ನಲ್ಲಿಗೆ ಬಂದು ಕಲಿತರು. ಹೆಂಡತಿಗೆ ಸುಳಿವು ಕೊಟ್ಟಿರಲಿಲ್ಲ. ಪಕ್ಕಾ ಆದ ದಿನ ನನ್ನ ಫೋನ್ ಕೇಳಿದರು. ಮಾತು ಹೋದ ಮೇಲೆ ಮೊಬೈಲ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು.

ಸ್ಪೀಕರ್ ಹಾಕಿ ಹಿಡಿದೆ. ಆ ಕಡೆಯಿಂದ ಹೆಂಡತಿ "ಯಾರ್ರಿ?" ಎಂದಳು.

"ನಾ... ಮಾತಾಡಾಕತ್ತೀನಿ," ಎಂದರು ಮಿಸ್ತ್ರಿ. ಯಂತ್ರದ ದನಿಗೆ ಏರಿಳಿತವೇ ಇಲ್ಲ.

"ನಮಗ ಯಾವ ಸ್ಕೀಮೂ ಬ್ಯಾಡ್ರಿ." ಫೋನ್ ಕಟ್.

ಎರಡನೇ ಸಲ ಹಚ್ಚಿದೆವು. "ನಾ... ನಿನ್ನ... ಗಂಡ."

"ಏ ಮಶೀನಾ! ನನ್ನ ಗಂಡಗ ಮಾತ ಬರಂಗಿಲ್ಲ. ಚ್ಯಾಷ್ಟಿ ಮಾಡಾಕ ಬ್ಯಾರೆ ಯಾರೂ ಸಿಗಲಿಲ್ಲೇನು?" ಕಟ್ ಮಾಡುವಾಗ ಅವಳ ದನಿ ನಡುಗುತ್ತಿತ್ತು.

ಮಿಸ್ತ್ರಿಯ ಕಣ್ಣು ತುಂಬಿದವು. "ನಾ ಮಾತಾಡಿ ತಿಳಿಸಿ ಹೇಳ್ತೀನಿ ತಡೀರಿ" ಎಂದೆ. ಅವರು ಬೇಡವೆಂದು ಕೈ ಅಡ್ಡ ಮಾಡಿ, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಹಚ್ಚಲು ಸನ್ನೆ ಮಾಡಿದರು. ಫೋನ್ ಎತ್ತಿದ ಸದ್ದು ಕೇಳಿದ್ದೇ ತಡ, ಅವಳಿಗೆ ಬಾಯಿ ತೆಗೆಯಲು ಬಿಡದೆ ಅಂದರು:

"ಇವತ್ತ... ಬುತ್ತಿ ಕಟ್ಟಿದ... ಬದನಿಕಾಯಿ ಪಲ್ಯಾಕ... ಉಪ್ಪ ಹಾಕಿಲ್ಲ."

ಆ ಕಡೆ ಪಾತ್ರೆ ಬಿದ್ದ ಸದ್ದು, ಬಾಗಿಲು ತೆರೆದ ಸದ್ದು, ಓಣಿಗೆಲ್ಲ ಕೇಳುವಂಥ ಕೂಗು:

"ಬರ್ರೆವ್ವಾ ಎಲ್ಲಾರೂ! ನಮ್ಮವ್ರು ಬೈಯಾಕತ್ತಾರ!"

ಅತ್ತಳು, ನಕ್ಕಳು, ಮತ್ತೆ ಫೋನಿಗೆ ಬಂದಳು. "ಇನ್ನೊಮ್ಮೆ ಅನ್ರಿ."

"ಉಪ್ಪ ಇಲ್ಲ."

"ಹೌದ್ರಿ, ಇಲ್ಲ, ಮರತಿದ್ನಿ. ಖಾರ?"

"ಖಾರನೂ... ಕಡಿಮಿ."

"ಮತ್ತ ರೊಟ್ಟಿ?"

ಯಂತ್ರದ ಬ್ಯಾಟರಿ ಮುಗಿಯುವ ತನಕ ಅವಳು ಒಂದೊಂದಾಗಿ ಕೇಳಿ ಕೇಳಿ ಬೈಸಿಕೊಂಡಳು.