ಹಿಂದಕ್ಕೆ ತಿರುಗದ ಆಂಟಿ

ನಮ್ಮ ಎದುರು ಮನೆಯ ಆಂಟಿಯ ಕತ್ತು ಹಿಂದಕ್ಕೆ ತಿರುಗುವುದೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕತ್ತು ನೋವೇನಲ್ಲ, ಅದು ಸಿದ್ಧಾಂತ! ಒಮ್ಮೆ ನಮ್ಮ ಡೊಂಬಿವಲಿ ಸ್ಟೇಷನ್ನಿನಲ್ಲಿ ಅವರ ಪರ್ಸ್ ಬಿತ್ತು. ಹಿಂದಿನಿಂದ ಎಲ್ಲರೂ ಕೂಗಿದರು. ಆಂಟಿ ತಿರುಗಲಿಲ್ಲ. ಮುಂದೆ ನಡೆದು, ಬ್ರಿಜ್ ಹತ್ತಿ, ಆಚೆ ಮೆಟ್ಟಿಲಿನಿಂದ ಇಳಿದು, ಪರ್ಸಿನ ಎದುರಿನಿಂದಲೇ ಬಂದು ಎತ್ತಿಕೊಂಡರು.

ಉಡುಪಿ ಕಡೆಯ ಕ್ರಿಶ್ಚಿಯನ್ ಕುಟುಂಬ, ಆಂಟಿಗೆ ಮಹಾಪೆಯಲ್ಲಿ ಆಫೀಸು. ನಾವು ಪೇಪರ್ ಓದಿದಂತೆ ಅವರು ಕನ್ನಡ ಬೈಬಲ್ ಓದುತ್ತಿದ್ದರು: ಯಾರು, ಎಲ್ಲಿ, ಹೇಗೆ ಎಡವಿದರು ಎಂದು.

"ಅವರೆಲ್ಲ ಪೆಟ್ಟು ತಿಂದದ್ದು ನಮಗೆ ಬುದ್ಧಿ ಬರ್ಲಿಕ್ಕೆ ಮಾರಾಯ್ತಿ. ಪುನಃ ನಾವೇ ತಿನ್ಬೇಕಾ?"

ಅವರ ಮಾತು ಕೇಳಿದರೆ ಬೈಬಲಿನ ಆ ಜನರೆಲ್ಲ ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ ಅನ್ನಿಸುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ನನ್ನನ್ನು ಗದರಿಸಿದ್ದರು: "ಕಿಟಕಿಯಲ್ಲಿ ಕೂತು ತೂಕಡಿಸ್ಬೇಡ. ಮೂರನೇ ಮಾಳಿಗೆಯಿಂದ ಬಿದ್ದ ಆ ಹುಡುಗ ಗೊತ್ತಿಲ್ವಾ?"

ನಮ್ಮದೂ ಮೂರನೇ ಮಾಳಿಗೆ! ಹೆದರಿ ವಾಚ್‌ಮನ್‌ನನ್ನು ವಿಚಾರಿಸಿದೆ. "ಕೌನ್ ಲಡ್ಕಾ?" ಎಂದು, ಯಾವ ಹುಡುಗನೆಂದೇ ತಿಳಿಯದವನು ಮರುದಿನವೇ ಆ ಕಿಟಕಿಯ ಕೆಳಗಿದ್ದ ತನ್ನ ಕುರ್ಚಿಯನ್ನು ಗೇಟಿನ ಹತ್ತಿರ ಒಯ್ದ.

ಕಾಲೇಜಿಗೆ ಹೋಗುವಾಗ ನನ್ನ ಕೂದಲಿನ ಮೇಲೆ ಕಣ್ಣು. "ಕಟ್ಟಿಕೋ. ಉದ್ದ ಕೂದಲಿನ ರಾಜಕುಮಾರ ಮರಕ್ಕೆ ಸಿಕ್ಕಿ ನೇತಾಡಿದ."

"ಆಂಟಿ, ಕಲ್ಯಾಣ ಲೋಕಲ್ ರೈಲಿನಲ್ಲಿ ಮರ ಎಲ್ಲುಂಟು?"

"ಹಿಡಿಕೆ ಉಂಟಲ್ಲ."

ಎಲ್ಲರಿಗಿಂತ ದೊಡ್ಡ ತಪ್ಪುಗಾರ್ತಿಯೆಂದರೆ, ಉರಿಯುವ ಊರು ಬಿಟ್ಟು ಓಡುವಾಗ ಬೇಡವೆಂದರೂ ಹಿಂತಿರುಗಿ ನೋಡಿ ಉಪ್ಪಿನ ಕಂಬವಾದ ಹೆಂಗಸು. ಆಂಟಿಯ ಕತ್ತು ನೆಟ್ಟಗಿದ್ದದ್ದು ಅವಳಿಂದಲೇ. ಅದನ್ನು ಅನುಭವಿಸಿದವರು ಅವರ ಗಂಡ, ಅಂಕಲ್. ದಿನಾ ಬೆಳಿಗ್ಗೆ ಆಂಟಿ ಗೇಟು ದಾಟುವಾಗ ಅವರು ಮೂರನೇ ಮಾಳಿಗೆಯ ತಮ್ಮ ಗ್ಯಾಲರಿಯಿಂದ "ಹೋಯ್" ಎನ್ನುತ್ತಿದ್ದರು. ಆಂಟಿ ತಿರುಗದೆ ಒಂದು ಕೈ ಎತ್ತುತ್ತಿದ್ದರು, ಅಷ್ಟೇ.

"ಒಂದು ದಿನ ತಿರುಗಿದ್ರೆ ಎಂತ ಹೋಗ್ತದೆ ನಿಂಗೆ?"

"ಉಪ್ಪಾದ್ರೆ ಸಾರಿಗೆ ಹಾಕ್ತೀರಾ?"

"ನಿನ್ನ ಸಾರಿಗೆ ಹೇಗೂ ಉಪ್ಪು ಕಮ್ಮಿ."

ಒಂದು ಬೆಳಿಗ್ಗೆ ಅಂಕಲ್ ಕರೆದರು, ಆಂಟಿ ಕೈ ಎತ್ತಿ ಹೋದರು. ಸಂಜೆ ಬರುವಾಗ ಅಂಕಲ್ ಇರಲಿಲ್ಲ. ಹೃದಯ ನಿಂತಿತ್ತು. ಆಮೇಲೆ ಆಂಟಿ ಉಪ್ಪಿನ ಹೆಂಗಸಿನ ಸುದ್ದಿ ಎತ್ತಲಿಲ್ಲ. ಗ್ಯಾಲರಿಗೆ ಬೀಗ ಬಿತ್ತು. ಆದರೆ ಗೇಟಿನ ಹತ್ತಿರ ಅವರ ಕೈ ಮಾತ್ರ ದಿನಾ ಮೇಲೇಳುತ್ತಿತ್ತು. ಕರೆಯದೆ ಯಾರಾದರೂ ಓಗೊಡುತ್ತಾರೆಯೇ? ಕೆಳಗಿನ ಮನೆಗೆ ಹೊಸದಾಗಿ ಬಂದವರು, "ಬೆಳಿಗ್ಗೆ ಬೆಳಿಗ್ಗೆ ಮೇಲಿಂದ ಯಾರು ಕೂಗೋದು?" ಎಂದು ನನ್ನನ್ನು ಕೇಳಿದರು. ಕಾಗೆ ಇರಬೇಕು ಎಂದೆ.

ಕಳೆದ ತಿಂಗಳು ನಮ್ಮ ಬಿಲ್ಡಿಂಗ್ ಕೆಡವಲು ಎಲ್ಲರೂ ಖಾಲಿ ಮಾಡಿದರು. ಕೊನೆಗೆ ಉಳಿದವರು ಆಂಟಿ. ಕಲ್ಯಾಣದ ಬಾಡಿಗೆ ಮನೆಗೆ ಅವರನ್ನು ಬಿಡಲು ನಾನು ಟೆಂಪೋದಲ್ಲಿ ಕೂತಿದ್ದೆ. ಬಾಗಿಲು, ಕಿಟಕಿ ಎಲ್ಲ ಕಿತ್ತು ಒಯ್ದಿದ್ದರು. ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು ಬಂದ ಆಂಟಿ ಗೇಟಿನಲ್ಲಿ ನಿಂತುಬಿಟ್ಟರು. ಹೊರಟರೆ ಅಂಕಲ್ ಒಬ್ಬರೇ ಇಲ್ಲಿ ಉಳಿಯುತ್ತಾರೆ ಎಂಬ ಭಯ ಅವರ ಮುಖದಲ್ಲೇ ಇತ್ತು.

"ಆ ಹೆಂಗಸು ಯಾಕೆ ತಿರುಗಿದ್ದು ಅಂತ ಈಗ ಗೊತ್ತಾಯ್ತು," ಎಂದರು. "ಮನೆ ನೋಡ್ಲಿಕ್ಕೆ ಅಲ್ಲ. ಹಿಂದೆ ಯಾರೋ ಬಾಕಿ ಇದ್ರು."

ಆಗ ಮೇಲಿನಿಂದ ಕೇಳಿಸಿತು. "ಹೋಯ್."

ನಾನು ನನ್ನ ಚಪ್ಪಲಿಯನ್ನೇ ನೋಡುತ್ತ ಕೂತೆ. ಡ್ರೈವರ್ ಕತ್ತು ಹೊರಹಾಕಿ, "ಊಪರ್ ಕೋಯಿ ರಹ ಗಯಾ ಕ್ಯಾ?" ಎಂದು, ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಿದ.

ಆಂಟಿ ತಿರುಗಿದರು. ಪೂರ್ತಿ ತಿರುಗಿ, ಮೂರನೇ ಮಾಳಿಗೆಯತ್ತ ಮುಖವೆತ್ತಿದರು. ಕೆನ್ನೆ ಒದ್ದೆಯಾಗಿತ್ತು.

"ಬನ್ನಿ," ಎಂದರು ಮೆಲ್ಲಗೆ. "ಟೆಂಪೋ ಕಾಯ್ತಾ ಉಂಟು."

ನಾನು ಸೀಟಿನ ತುದಿಗೆ ಸರಿದು, ಇಬ್ಬರಿಗೆ ಜಾಗ ಮಾಡಿದೆ.